ಪಾಟಿ ಮುಟ್ಟದ ಮಾಸ್ತರರು

ನಮ್ಮಲ್ಲಿ ಶಿಕ್ಷಣದ ಚರಿತ್ರೆ ಬರೆದವರು ಬಹುಮಟ್ಟಿಗೆ ಬಾಗಿಲಿನ ಚರಿತ್ರೆಯನ್ನೇ ಬರೆದಿದ್ದಾರೆ. ಯಾವ ಇಸವಿಯಲ್ಲಿ ಯಾರಿಗೆ ಬಾಗಿಲು ತೆರೆಯಿತು, ಎಷ್ಟು ಜನ ಒಳಗೆ ಬಂದರು, ಎಷ್ಟು ಜನ ನಡುವೆಯೇ ಬಿಟ್ಟು ಹೋದರು ಎಂಬ ಲೆಕ್ಕ ಅದು. ಆ ಲೆಕ್ಕ ಬೇಡ ಎಂದು ನಾನು ಹೇಳುತ್ತಿಲ್ಲ. ಆ ಬಾಗಿಲಿಗಾಗಿ ನಮ್ಮ ಹಿರೀಕರು ಪಟ್ಟ ಪಾಡು ಸಣ್ಣದಲ್ಲ. ಆದರೆ ಬಾಗಿಲು ದಾಟಿ ಒಳಗೆ ಕೂತ ಹುಡುಗನ ಪಾಟಿಯನ್ನು ಮಾಸ್ತರರು ಕೈಯಲ್ಲಿ ಹಿಡಿದು ನೋಡಿದರೋ ಇಲ್ಲವೋ, ತಪ್ಪು ಬರೆದಾಗ ಯಾಕೆ ತಪ್ಪು ಅಂತ ಹೇಳಿದರೋ ಇಲ್ಲವೋ, ಅವನು ಬಾಯಿ ತೆರೆದು ಏನಾದರೂ ಕೇಳಿದಾಗ ಏನಾಯಿತು ಎಂಬ ಇನ್ನೊಂದು ಚರಿತ್ರೆ ಇದೆ. ಅದು ವರದಿಗಳ ಕೋಷ್ಟಕಗಳಲ್ಲಿ ಸಿಗುವುದಿಲ್ಲ. ಅಲ್ಲೊಂದು ಸಾಲು ಇಲ್ಲೊಂದು ಸಾಲು ಹೆಕ್ಕಬೇಕು.

ಕನ್ನಡದಲ್ಲಿ 'ತಿದ್ದುವುದು' ಎಂಬ ಮಾತಿಗೆ ಎರಡು ಅರ್ಥ. ಮಗು ಅಕ್ಷರ ತಿದ್ದುತ್ತದೆ, ಮಾಸ್ತರರು ತಪ್ಪು ತಿದ್ದುತ್ತಾರೆ. ಎರಡೂ ಮುಟ್ಟದೆ ಆಗುವ ಕೆಲಸವಲ್ಲ. ಮಗುವಿನ ಬೆರಳು ಹಿಡಿದು ಮರಳಿನ ಮೇಲೆ 'ಅ' ಬರೆಸಬೇಕು, ಪಾಟಿ ಇಸಕೊಂಡು ಅಳಿಸಿ ಮತ್ತೆ ಬರೆದು ಕೊಡಬೇಕು. ಮುಟ್ಟಿದರೆ ಮೈಲಿಗೆ ಎನ್ನುವ ಸಮಾಜದಲ್ಲಿ ಕಲಿಸುವಿಕೆ ಎಲ್ಲಿ ತುಂಡಾಗುತ್ತದೆ ಎಂಬುದು ಇಲ್ಲಿಯೇ ಇದೆ. ಅಸ್ಪೃಶ್ಯತೆಯನ್ನು ಗುಡಿ, ಕೆರೆ, ಬಾವಿಗಳ ನೆಲೆಯಲ್ಲಿ ಚರ್ಚಿಸಿದಷ್ಟು ನಾವು ಪಾಟಿಯ ನೆಲೆಯಲ್ಲಿ ಚರ್ಚಿಸಿಲ್ಲ.

1856ರ ಜೂನ್‌ನಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಒಬ್ಬ ಹುಡುಗ ಕೇಳಿದ. ಸೇರಿಸಿಕೊಳ್ಳಲಿಲ್ಲ. ಅವನು ಸುಮ್ಮನೆ ಮನೆಗೆ ಹೋಗಲಿಲ್ಲ, ಮುಂಬಯಿ ಸರ್ಕಾರಕ್ಕೆ ಅರ್ಜಿ ಬರೆದ. ನಾನು ಓದಿದಲ್ಲೆಲ್ಲ ಅವನು ಬರೀ 'ಮಹಾರ್ ಹುಡುಗ'. ಜುಲೈನಲ್ಲಿ ಸರ್ಕಾರ ಕೊಟ್ಟ ಉತ್ತರದ ತಾತ್ಪರ್ಯ ಹೀಗಿದೆ: ನ್ಯಾಯ ಹುಡುಗನ ಕಡೆಗಿದೆ, ಆದರೆ ಶತಮಾನಗಳ ಪೂರ್ವಗ್ರಹವನ್ನು ಒಬ್ಬಿಬ್ಬರಿಗಾಗಿ ಒಂದೇಟಿಗೆ ಮುರಿಯಲು ಹೋದರೆ ಉಳಿದ ಬಹುಸಂಖ್ಯಾತರಿಗೆ ಶಾಲೆಯೇ ನಿರುಪಯೋಗಿಯಾಗುತ್ತದೆ. 1858ರಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು ಸರ್ಕಾರಿ ಶಾಲೆಗಳು ಎಲ್ಲ ವರ್ಗಗಳಿಗೂ ಸೇರಿದ್ದು ಎಂದರು. ಕಾಗದದ ಮೇಲೆ ಬಾಗಿಲು ತೆರೆಯಿತು. 1928ರಲ್ಲಿ ಸೈಮನ್ ಆಯೋಗಕ್ಕೆ ಮುಂಬಯಿ ಪ್ರಾಂತದ ಶಿಕ್ಷಣದ ಬಗ್ಗೆ ಹೇಳಿಕೆ ಬರೆಯುವಾಗ ಅಂಬೇಡ್ಕರ್ ಈ ಧಾರವಾಡದ ಪ್ರಕರಣವನ್ನು ಮತ್ತೆ ಎತ್ತಿ ತೋರಿಸಿದರು. ಎಪ್ಪತ್ತೆರಡು ವರ್ಷ ಆಗಿತ್ತು.

ಇದನ್ನು ಪುಣೆಯ ಜೊತೆಗಿಟ್ಟು ನೋಡಬೇಕು. ಧಾರವಾಡದ ಹುಡುಗ ಬಾಗಿಲಲ್ಲಿ ನಿಂತ ಹಿಂದಿನ ವರ್ಷ, 1855ರಲ್ಲಿ, ಮಾಂಗ್ ಜಾತಿಯ ಮುಕ್ತಾ ಸಾಳ್ವೆ ಎಂಬ ಹುಡುಗಿ ಬರೆದ ಪ್ರಬಂಧವೊಂದು 'ಜ್ಞಾನೋದಯ' ಪತ್ರಿಕೆಯಲ್ಲಿ ಅಚ್ಚಾಯಿತು. ಮಾಂಗ್ ಮತ್ತು ಮಹಾರರ ದುಃಖವನ್ನು ಕುರಿತ ಬರಹ ಅದು. ವೇದ ನಿಮ್ಮದು, ನಮಗೆ ಅದನ್ನು ನೋಡುವ ಹಕ್ಕೂ ಇಲ್ಲ ಅಂದಮೇಲೆ ನಮ್ಮ ಧರ್ಮ ಯಾವುದು ಎಂದು ಆ ಹುಡುಗಿ ಕೇಳುತ್ತಾಳೆ. ಆಕೆ ಜ್ಯೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ಅವರ ಶಾಲೆಯ ವಿದ್ಯಾರ್ಥಿನಿ. ಕೆಲವೇ ವರ್ಷ ಓದಿದ ಹುಡುಗಿಗೆ ಇಂಥ ಪ್ರಶ್ನೆ ಎಲ್ಲಿಂದ ಬಂತು? ದುಃಖ ಆಕೆಯದೇ, ಅದನ್ನು ಯಾರೂ ಕಲಿಸಬೇಕಿಲ್ಲ. ಆದರೆ ಅದನ್ನು ಪ್ರಶ್ನೆಯಾಗಿ ಬರೆಯಬಹುದು, ಬರೆದರೆ ಗುರು ಸಿಟ್ಟಾಗುವುದಿಲ್ಲ, ಕುಳಿತು ಓದುತ್ತಾರೆ ಎಂಬ ಧೈರ್ಯ ಶಾಲೆಯಿಂದ ಬಂದದ್ದು. ದಲಿತ ವಿಮರ್ಶೆಯ ಮೊದಲ ಪುಟ ಯಾವುದೆಂದು ಹುಡುಕುವ ಗೆಳೆಯರು ಈ ಪ್ರಬಂಧದ ಕಡೆ ಒಮ್ಮೆ ನೋಡಬೇಕು. ಬರೆದವಳು ಒಬ್ಬ ವಿದ್ಯಾರ್ಥಿನಿ ಎಂಬುದನ್ನೂ ನೋಡಬೇಕು.

ಫುಲೆ 1882ರಲ್ಲಿ ಹಂಟರ್ ಆಯೋಗಕ್ಕೆ ಕೊಟ್ಟ ಮನವಿಯನ್ನು ನಾವು ಕಡ್ಡಾಯ ಪ್ರಾಥಮಿಕ ಶಿಕ್ಷಣದ ಬೇಡಿಕೆಗಾಗಿ ಮಾತ್ರ ನೆನೆಯುತ್ತೇವೆ. ಅದರೊಳಗೆ ಮಾಸ್ತರರ ಬಗ್ಗೆ ಇರುವ ಮಾತುಗಳೇ ನನಗೆ ಹೆಚ್ಚು ಮುಖ್ಯವಾಗಿ ಕಂಡಿವೆ. ಶಿಕ್ಷಕರು ಸಾಧ್ಯವಾದಷ್ಟೂ ಬೇಸಾಯಗಾರರ ವರ್ಗದಿಂದ ಬರಲಿ, ಬೇಕಾದಾಗ ನೇಗಿಲ ಮೇಳಿಯನ್ನೋ ಬಡಗಿಯ ಬಾಚಿಯನ್ನೋ ಹಿಡಿಯುವವರಾಗಿರಲಿ, ಜನರೊಂದಿಗೆ ಬೆರೆಯಲಿ ಅನ್ನುತ್ತಾರೆ. ಸಂಬಳ ಹನ್ನೆರಡು ರೂಪಾಯಿಗಿಂತ ಕಡಿಮೆ ಇರಬಾರದು, ದೊಡ್ಡ ಊರುಗಳಲ್ಲಿ ಇನ್ನೂ ಹೆಚ್ಚಿರಬೇಕು ಅನ್ನುತ್ತಾರೆ. ತಪಾಸಣೆಯವರು ಮುಂಚೆ ತಿಳಿಸದೆಯೂ ಶಾಲೆಗೆ ಬರಬೇಕು ಅನ್ನುತ್ತಾರೆ. ಹುಡುಗ ಯಾಕೆ ಕಲಿಯುತ್ತಿಲ್ಲ ಎಂದು ಎಲ್ಲರೂ ಹುಡುಗನ ಮುಖ ನೋಡುತ್ತಿದ್ದಾಗ ಫುಲೆ ಮಾಸ್ತರರ ಮುಖ ನೋಡಿದರು. ಈಗ ನಮ್ಮ ಕಾಲೇಜುಗಳಿಗೆ ತಪಾಸಣೆ ತಂಡ ಬರುವುದು ಮೂರು ತಿಂಗಳ ಮೊದಲೇ ಗೊತ್ತಿರುತ್ತದೆ, ಗೋಡೆಗೆ ಸುಣ್ಣ ಬೀಳುತ್ತದೆ, ಹುಡುಗರ ಕೈಗೆ ಫೀಡ್‌ಬ್ಯಾಕ್ ಫಾರ್ಮು ಕೊಟ್ಟು 'ಎಲ್ಲಾ ಉತ್ತಮ ಅಂತ ಹಾಕ್ರಪಾ' ಎನ್ನುವುದೂ ಉಂಟು.

ಇನ್ನು ಸಾತಾರೆಯ ಶಾಲೆ. ಅಂಬೇಡ್ಕರ್ ತಮ್ಮ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದುಕೊಂಡ ಗೋಣಿತಟ್ಟು ಮತ್ತು ನೀರಿನ ಸಂಗತಿ ಎಲ್ಲರಿಗೂ ಗೊತ್ತು. ಜವಾನ ಇದ್ದರೆ ನೀರು, ಇಲ್ಲದಿದ್ದರೆ ಇಲ್ಲ. ಕೂರುವ ಗೋಣಿಯನ್ನು ಶಾಲೆಯ ಆಳು ಮುಟ್ಟುತ್ತಿರಲಿಲ್ಲ, ಹಾಗಾಗಿ ದಿನಾ ಮನೆಗೆ ಹೊತ್ತು ತರಬೇಕಿತ್ತು. ಆದರೆ ಅದೇ ಜಾಗದಲ್ಲಿ ಇನ್ನೊಂದು ಮಾತಿದೆ, ಅದನ್ನು ನಾವು ಓದಿಯೂ ಓದದೆ ಮುಂದೆ ಹೋಗುತ್ತೇವೆ. ತರಗತಿಯಲ್ಲಿ ತಮ್ಮ ರ‍್ಯಾಂಕಿಗೆ ತಕ್ಕ ಜಾಗದಲ್ಲಿ, ಸಹಪಾಠಿಗಳ ನಡುವೆ, ತಾವು ಕೂರುವಂತಿರಲಿಲ್ಲ ಎಂಬ ಮಾತು. ಅಂದರೆ ಆ ಶಾಲೆಯಲ್ಲಿ ಜಾಣನಾದವನು ಮುಂದೆ ಕೂರುತ್ತಿದ್ದ. ಇವತ್ತು ಚೆನ್ನಾಗಿ ಓದಿದರೆ ನಾಳೆ ಒಂದು ಜಾಗ ಮುಂದಕ್ಕೆ, ಓದದಿದ್ದರೆ ಹಿಂದಕ್ಕೆ. ಆ ಪದ್ಧತಿ ಒಳ್ಳೆಯದೋ ಕೆಟ್ಟದ್ದೋ ಬೇರೆ ಮಾತು, ಅದು ಮಗುವಿಗೆ 'ನೀನು ಎಲ್ಲಿದ್ದೀ' ಎಂದು ದಿನಾ ತಿಳಿಸುತ್ತಿತ್ತು. ಭೀಮನಿಗೆ ಅದೂ ಇಲ್ಲ. ಅವನು ಎಷ್ಟು ಓದಿದರೂ ಮೂಲೆ, ಓದದಿದ್ದರೂ ಮೂಲೆ. ಓದಿಗೂ ಜಾಗಕ್ಕೂ ಇದ್ದ ಸಂಬಂಧವನ್ನೇ ಜಾತಿ ಕತ್ತರಿಸಿ ಹಾಕಿತ್ತು. ಹುಡುಗರು ಯಾಕೆ ಉತ್ಸಾಹ ಕಳೆದುಕೊಳ್ಳುತ್ತಾರೆ ಎಂದು ಕೇಳುವ ನಮ್ಮ ಕಾರ್ಯಾಗಾರಗಳ ಪಂಡಿತರು ಮೊದಲು ಆ ಮೂಲೆಯಲ್ಲಿ ಕೂತು ನೋಡಬೇಕು.

ಎಲ್ಫಿನ್‌ಸ್ಟನ್ ಹೈಸ್ಕೂಲಿನ ಸಂಗತಿಯನ್ನು ಧನಂಜಯ ಕೀರ್ ಜೀವನಚರಿತ್ರೆಯಲ್ಲಿ ಹೇಳಿದ್ದಾರೆ. ಮಾಸ್ತರರು ಭೀಮನನ್ನು ಬೋರ್ಡಿನ ಮೇಲೆ ಲೆಕ್ಕ ಮಾಡಲು ಕರೆದರು. ತಕ್ಷಣ ಹುಡುಗರೆಲ್ಲ ಗದ್ದಲ ಎಬ್ಬಿಸಿ ಬೋರ್ಡಿನ ಹಿಂದೆ ಇಟ್ಟಿದ್ದ ತಮ್ಮ ಊಟದ ಡಬ್ಬಿಗಳನ್ನು ಎತ್ತಿಕೊಳ್ಳಲು ಓಡಿದರು. ಅವನು ಲೆಕ್ಕವನ್ನು ಸರಿ ಮಾಡಿದನೋ ತಪ್ಪು ಮಾಡಿದನೋ ಯಾರಿಗೆ ಬೇಕು? ಬೋರ್ಡಿಗೆ ಕರೆದ ಆ ಮಾಸ್ತರರನ್ನು ಮಾತ್ರ ನಾನು ಮರೆಯಲಾರೆ. ಕರೆದದ್ದು ಅವರು ತಾನೆ.

ಮುಂದೆ 1918ರಲ್ಲಿ ಅದೇ ಅಂಬೇಡ್ಕರ್ ಮುಂಬಯಿಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದರು. ಈ ಅಸ್ಪೃಶ್ಯ ಏನು ಪಾಠ ಮಾಡಿಯಾನು ಎಂಬ ಭಾವನೆ ಹುಡುಗರಲ್ಲಿ ಮೊದಮೊದಲು ಇತ್ತು, ಆಮೇಲೆ ಬೇರೆ ಕಾಲೇಜುಗಳ ಹುಡುಗರೂ ಅವರ ಪಾಠಕ್ಕೆ ಬಂದು ಕೂರತೊಡಗಿದರು. ಬದಲಾಗದೆ ಉಳಿದವರು ಸಹೋದ್ಯೋಗಿಗಳು. ಅಧ್ಯಾಪಕರ ಕೋಣೆಯ ನೀರಿನ ಪಾತ್ರೆಯನ್ನು ಅವರು ಮುಟ್ಟುವುದಕ್ಕೆ ತಕರಾರು ತೆಗೆದರು. ಹುಡುಗರನ್ನು ಗೆಲ್ಲುವುದು ಸುಲಭ, ಸ್ಟಾಫ್ ರೂಮನ್ನು ಗೆಲ್ಲುವುದು ಕಷ್ಟ ಎಂಬುದು ನನಗೂ ಅಷ್ಟಿಷ್ಟು ಗೊತ್ತು.

ಧಾರವಾಡಕ್ಕೆ ಮತ್ತೆ ಬರುತ್ತೇನೆ. 1929ರಲ್ಲಿ ಅಂಬೇಡ್ಕರ್ ಅಲ್ಲಿ ದಲಿತ ವಿದ್ಯಾರ್ಥಿಗಳಿಗಾಗಿ ವಸತಿನಿಲಯ ಆರಂಭಿಸಿದರು. ಯಾವ ಊರಿನ ಶಾಲೆ ಒಬ್ಬನನ್ನು ಹೊರಗೆ ನಿಲ್ಲಿಸಿತ್ತೋ ಅದೇ ಊರಿನಲ್ಲಿ. ದಲಿತ ಶಿಕ್ಷಣದ ಚರಿತ್ರೆಯಲ್ಲಿ ಹಾಸ್ಟೆಲಿನ ಪಾತ್ರವನ್ನು ಅನ್ನ ಮತ್ತು ಸೂರಿನ ಲೆಕ್ಕದಲ್ಲಷ್ಟೇ ಹೇಳುತ್ತಾರೆ. ಹಾಸ್ಟೆಲಿನಲ್ಲಿ ಬೆಳೆದ ನಮಗೆ ಗೊತ್ತು, ಅಲ್ಲಿ ನಡೆಯುತ್ತಿದ್ದದ್ದು ತಿದ್ದುವ ಕೆಲಸ. ರಾತ್ರಿ ಊಟ ಆದಮೇಲೆ ಬಿ.ಎ. ಕೊನೇ ವರ್ಷದ ಅಣ್ಣ ನನ್ನ ಇಂಗ್ಲಿಷ್ ಪತ್ರವನ್ನು ನಾಲ್ಕು ಸಲ ಬರೆಸಿದ್ದ. ಐದನೇ ಸಲ 'ಈಗ ಆತು ನೋಡು' ಅಂದ. ತರಗತಿಯಲ್ಲಿ ನನ್ನ ಪುಸ್ತಕ ತೆರೆದು ಹೀಗೆ ನೋಡಿದವರಿಲ್ಲ. ಮೂರು ವರ್ಷದ ಡಿಗ್ರಿಯಲ್ಲಿ ನನ್ನ ಹೆಸರನ್ನು ಹಾಜರಿಗೆ ಬಿಟ್ಟರೆ ಗುರುಗಳು ಜೋರಾಗಿ ಕರೆದದ್ದು ಒಂದೇ ಕಾರಣಕ್ಕೆ, 'ಸ್ಕಾಲರ್‌ಶಿಪ್‌ನವರು ಎದ್ದು ನಿಲ್ರಿ' ಎಂದಾಗ. ನಾವು ಹನ್ನೊಂದು ಜನ ಎದ್ದು ನಿಲ್ಲುತ್ತಿದ್ದೆವು, ಉಳಿದವರು ತಿರುಗಿ ನೋಡುತ್ತಿದ್ದರು.

ಪ್ರಶ್ನೆ ಕೇಳಿದ ಹುಡುಗನಿಗೆ ಏನಾಗುತ್ತಿತ್ತು ಎಂಬುದಕ್ಕೆ ಓಂಪ್ರಕಾಶ ವಾಲ್ಮೀಕಿಯವರ 'ಜೂಠನ್' ಸಾಕ್ಷಿ. 1997ರಲ್ಲಿ ಪ್ರಕಟವಾದ ಈ ಹಿಂದಿ ಆತ್ಮಕಥನದಲ್ಲಿ ಮಾಸ್ತರರು ದ್ರೋಣಾಚಾರ್ಯನ ಬಡತನದ ಪಾಠ ಮಾಡುತ್ತಿರುತ್ತಾರೆ. ಮಗನಿಗೆ ಹಾಲಿಲ್ಲದೆ ಹಿಟ್ಟು ಕದಡಿದ ನೀರು ಕುಡಿಸಿದ ಕಥೆ. ಕೇಳುತ್ತಿದ್ದ ಹುಡುಗ, ನಾವು ಅನ್ನದ ಗಂಜಿ ಕುಡಿದು ಬೆಳೆದದ್ದು ಯಾವ ಮಹಾಕಾವ್ಯದಲ್ಲೂ ಯಾಕೆ ಬರಲಿಲ್ಲ ಎಂದು ಕೇಳುತ್ತಾನೆ. ಇದಕ್ಕಿಂತ ಒಳ್ಳೆಯ ಸಾಹಿತ್ಯಪ್ರಶ್ನೆಯನ್ನು ಎಂ.ಎ. ತರಗತಿಯಲ್ಲೂ ನಾನು ಕೇಳಿಲ್ಲ. ಮಾಸ್ತರರು ಅವನನ್ನು ಬಗ್ಗಿಸಿ ಬೆನ್ನ ಮೇಲೆ ಬೆತ್ತದಿಂದ ಉತ್ತರ ಬರೆದರು. ಪಾಟಿ ಮುಟ್ಟದವರಿಗೂ ಬೆತ್ತ ಅನುಕೂಲ, ಕೈಗೂ ಮೈಗೂ ನಡುವೆ ಮೂರಡಿ ಅಂತರ ಉಳಿಯುತ್ತದೆ.

ಇದಕ್ಕೆ ತೀರಾ ಎದುರಾದ ಒಂದು ಕಲ್ಪನೆ ಔರಂಗಾಬಾದಿನಲ್ಲಿದೆ. ಅಂಬೇಡ್ಕರ್ ಅವರ ಪೀಪಲ್ಸ್ ಎಜುಕೇಶನ್ ಸೊಸೈಟಿ 1946ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜನ್ನು, 1950ರಲ್ಲಿ ಔರಂಗಾಬಾದಿನಲ್ಲಿ ಇನ್ನೊಂದು ಕಾಲೇಜನ್ನು ತೆರೆಯಿತು. ಈ ಎರಡನೆಯದಕ್ಕೆ ಮಿಲಿಂದ ಎಂಬ ಹೆಸರು ಬಂತು, ಆವರಣಕ್ಕೆ ನಾಗಸೇನವನ. ಮಿಲಿಂದ ಯಾರು? ಭಿಕ್ಷು ನಾಗಸೇನನಿಗೆ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದ ಗ್ರೀಕ್ ದೊರೆ. ಗುರುವಿನ ಹೆಸರನ್ನು ಮರಗಿಡಗಳಿಗೆ ಕೊಟ್ಟು, ಪ್ರಶ್ನೆ ಕೇಳಿದವನ ಹೆಸರನ್ನು ಕಾಲೇಜಿಗೆ ಇಟ್ಟರು. ಏಕಲವ್ಯನ ಕಥೆಯಲ್ಲಿ ಗುರುವಿನಿಂದ ಶಿಷ್ಯನಿಗೆ ಸಿಕ್ಕ ಏಕೈಕ ಪ್ರತಿಕ್ರಿಯೆ ಹೆಬ್ಬೆರಳ ಬೇಡಿಕೆ ಎಂಬುದನ್ನು ನೆನೆದರೆ ಈ ಹೆಸರಿನ ತೂಕ ಗೊತ್ತಾಗುತ್ತದೆ.

ಇದೆಲ್ಲ ಹಳೇ ಕಾಲದ್ದು ಎನ್ನುವವರಿಗೆ ಒಂದು ವರದಿ ನೆನಪಿಸಬೇಕು. ದೆಹಲಿಯ ಅಖಿಲ ಭಾರತ ವೈದ್ಯಕೀಯ ಸಂಸ್ಥೆಯ ಬಗ್ಗೆ ಸುಖದೇವ ಥೋರಟ್ ಸಮಿತಿ 2007ರಲ್ಲಿ ಕೊಟ್ಟ ವರದಿಯಲ್ಲಿ ಪರಿಶಿಷ್ಟ ವಿದ್ಯಾರ್ಥಿಗಳಲ್ಲಿ ನೂರಕ್ಕೆ 69 ಜನ ಅಧ್ಯಾಪಕರಿಂದ ಸಾಕಷ್ಟು ನೆರವು ಸಿಗುತ್ತಿಲ್ಲ ಎಂದಿದ್ದರು. ಪ್ರಾಯೋಗಿಕ ಮತ್ತು ಮೌಖಿಕ ಪರೀಕ್ಷೆಗಳಲ್ಲಿ ಮೌಲ್ಯಮಾಪನ ನ್ಯಾಯವಾಗಿಲ್ಲ ಎಂದವರು ನೂರಕ್ಕೆ 84. ಬಾಗಿಲು ದಾಟಿದ ಮಾತ್ರಕ್ಕೆ ಪಾಟಿ ಮುಟ್ಟಿದಂತಲ್ಲ.

ಈಗ ನನ್ನ ತರಗತಿಯ ಸಂಗತಿ. ನಾನು ಕೇರಿಯವನೇ, ಇತಿಹಾಸ ಪಾಠ ಮಾಡುತ್ತೇನೆ, ಹಾಗಾಗಿ ನನ್ನಲ್ಲಿ ಈ ದೋಷ ಇಲ್ಲ ಎಂದುಕೊಂಡಿದ್ದೆ. ಎರಡು ವಾರ ಒಂದು ಹಾಳೆಯ ಮೇಲೆ ನಾನು ಯಾರಿಗೆ ಪ್ರಶ್ನೆ ಕೇಳುತ್ತೇನೆ ಅಂತ ಗುರುತು ಹಾಕಿಕೊಂಡೆ. ಮುಂದಿನ ಎರಡು ಬೆಂಚು ತುಂಬಾ ಗುರುತು, ಹಿಂದಿನ ಮೂರು ಬೆಂಚು ಬಿಳಿ. ಹಿಂದೆ ಯಾರು ಕೂರುತ್ತಾರೆ ಎಂದು ಬಿಡಿಸಿ ಹೇಳಬೇಕಿಲ್ಲ. ಇಂಟರ್ನಲ್ ಪರೀಕ್ಷೆಯ ಉತ್ತರಗಳ ಮೇಲೆ ನಾನು ಬರೆದಿದ್ದದ್ದು ಬರೀ ಅಂಕಿ, ಹತ್ತಕ್ಕೆ ನಾಲ್ಕು, ಹತ್ತಕ್ಕೆ ಐದು. ಯಾಕೆ ನಾಲ್ಕು? ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಾಚಿಕೆ ಆಯಿತು.

ಆಮೇಲೆ ಮಾಡಿದ್ದು ದೊಡ್ಡ ಕ್ರಾಂತಿಯೇನಲ್ಲ. ಒಂದು ವಾರದೊಳಗೆ ಪತ್ರಿಕೆ ವಾಪಸು ಕೊಡುವುದು, ಎಲ್ಲಿ ಸರಿ ಇದೆ ಎಲ್ಲಿ ಬಿಟ್ಟುಹೋಗಿದೆ ಎಂದು ಎರಡು ಸಾಲು ಬರೆಯುವುದು, ಬೇಕಾದವರು ಮತ್ತೆ ಬರೆದು ತರುವುದು, ಅಂಕಗಳನ್ನು ತರಗತಿಯಲ್ಲಿ ಓದದಿರುವುದು. ಬಾಯಿಬಿಟ್ಟು ಕೇಳಲಾರದವರು ಹೆಸರಿಲ್ಲದ ಚೀಟಿಯಲ್ಲಿ ಪ್ರಶ್ನೆ ಬರೆದು ಮೇಜಿನ ಮೇಲಿಡುವುದು. ಮೊದಲ ವಾರ ಬಂದ ಚೀಟಿ ಎರಡು, ಅದರಲ್ಲಿ ಒಂದು ಸಿನಿಮಾ ಬಗ್ಗೆ. ಮೂರನೇ ವಾರ ಧಾರವಾಡದ ಅರ್ಜಿಯ ಪಾಠ ಆದಮೇಲೆ ಒಂದು ಚೀಟಿ ಹೀಗಿತ್ತು: 'ನ್ಯಾಯ ಹುಡುಗನ ಕಡೆ ಐತಿ ಅಂತ ಸರಕಾರಕ್ಕ ಗೊತ್ತಿತ್ತಲ್ಲರಿ, ಮತ್ತ ಯಾಕ ಒಲ್ಲೆ ಅಂತು?' ಅವತ್ತಿನ ಪೂರ್ತಿ ತಾಸು ಅದಕ್ಕೇ ಹೋಯಿತು. ಸಿಲಬಸ್ ಹಿಂದೆ ಬಿತ್ತು, ಅದರ ಬಗ್ಗೆ ಮೇಲಿನವರಿಂದ ಒಂದು ಮಾತೂ ಕೇಳಬೇಕಾಯಿತು.

ತಿದ್ದುವುದರಲ್ಲಿಯೂ ಮೇಲು ಕೀಳು ಇದೆ ಎಂದು ನನಗೆ ಕಲಿಸಿದವನು ಹಿಂದಿನ ಬೆಂಚಿನ ಒಬ್ಬ ಹುಡುಗ. ತಮ್ಮ ಊರಿನ ಶಾಲೆಯ ಬಗ್ಗೆ ಮನೆಯ ಹಿರಿಯರನ್ನು ಕೇಳಿ ಬರೆಯಲು ಹೇಳಿದ್ದೆ. ಅವನು ಬರೆದಿದ್ದ: 'ನಮ್ಮ ಆಯಿ ಸಾಲಿಗೆ ಹೋಗಿದ್ದು ಕಸಾ ಹೊಡಿಯಾಕ. ಕಸಾ ಹೊಡದು ಕಿಡಕಿ ಹೊರಗ ನಿಂತು ಒಂದರಿಂದ ಇಪ್ಪತ್ತರ ತನಕ ಕಲತಳು.' ನಾನು ಕೆಂಪು ಗೀಟೆಳೆದು ಪಕ್ಕದಲ್ಲಿ 'ಗ್ರಾಂಥಿಕ ಭಾಷೆ ಬಳಸಿ' ಎಂದು ಬರೆದಿದ್ದೆ. ಮರುದಿನ ಪತ್ರಿಕೆ ಹಿಡಿದು ಸ್ಟಾಫ್ ರೂಮಿನ ಬಾಗಿಲಿಗೇ ಬಂದ.

'ಸರ, ಆಯಿ ಹಂಗ ಅಂದಾಳ್ರಿ. ನೀವು ತಿದ್ದಿದ್ರ ಅದು ಆಕಿ ಮಾತ ಉಳಿಯೂದಿಲ್ಲಲ್ಲರಿ.'

ಒಳಗೆ ಕರೆದು ಕೂಡ್ರಿಸಿದೆ. ಗೀಟನ್ನು ಹೊಡೆದುಹಾಕಿ ಸಹಿ ಮಾಡಿದೆ. ಯಾವ ಇಸವಿ ಅಂತ ಬರೆದಿಲ್ಲವಲ್ಲ, ಇತಿಹಾಸಕ್ಕೆ ಇಸವಿ ಬೇಕು ಅಂದೆ.

'ಆಕಿಗೆ ಇಸ್ವಿ ಗೊತ್ತಿಲ್ರಿ. ದೊಡ್ಡ ಬರ ಬಿದ್ದ ವರ್ಸ ಅಂತಾಳ.'

ಎಪ್ಪತ್ತೆರಡರ ಬರ ಇರಬೇಕು, ಕೇಳಿಕೊಂಡು ಬಾ ಅಂದೆ. ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ 1972 ಎಂದು ಬರೆದು, ಮುಂದೆ ಒಂದು ಪ್ರಶ್ನೆ ಚಿಹ್ನೆ ಹಾಕಿಕೊಂಡು ಹೋದ.