ಶಕ್ತಿನಗರದ ಬೆಂಕಿ, ಕಾರ್ಡಿನ ಮೇಲಿನ ಅಂಕಿ

ಶಕ್ತಿನಗರ ಅಂದರೆ ಚಿಮಣಿ, ಹಾರುಬೂದಿ, ಕಲ್ಲಿದ್ದಲು ಕೊರತೆ. ನಾವು ಜಿಲ್ಲಾ ವರದಿಗಾರರು ವರ್ಷವಿಡೀ ಬರೆಯುವುದೂ ಅಷ್ಟೇ: ಎಷ್ಟು ಘಟಕ ಬಂದ್ ಆದವು, ಎಷ್ಟು ರೇಕ್ ಕಲ್ಲಿದ್ದಲು ಬಂತು. ಆ ಚಿಮಣಿಯ ಕೆಳಗೆ ಕಂಪ್ಯೂಟರಿನ ಒಂದು ಇತಿಹಾಸವೂ ಇದೆ. ನಾಡಿನ ಕಂಪ್ಯೂಟರ್ ಕಥೆಯನ್ನು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಂದ ಶುರು ಮಾಡುವವರು ಕೃಷ್ಣೆಯ ದಂಡೆಯ ಈ ಊರನ್ನು ಬಿಟ್ಟೇಬಿಡುತ್ತಾರೆ.

ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ ಚಾಲೂ ಆದದ್ದು 1985ರ ಮಾರ್ಚ್‌ನಲ್ಲಿ. ಎರಡನೆಯದು 1986ರ ಮಾರ್ಚ್‌ನಲ್ಲಿ. ಎರಡೂ 210 ಮೆಗಾವಾಟ್‌ನವು. ಕರ್ನಾಟಕಕ್ಕೆ ಇದೇ ಮೊದಲ ಶಾಖೋತ್ಪನ್ನ ಕೇಂದ್ರ. ಅಲ್ಲಿಯವರೆಗೆ ನಮ್ಮದು ನೀರಿನ ವಿದ್ಯುತ್ತು, ಶಿವನಸಮುದ್ರ, ಜೋಗ, ಶರಾವತಿ. ನೀರಿನ ಯಂತ್ರಕ್ಕೂ ಕಾವಲು ಬೇಕು, ಆದರೆ ಬಾಯ್ಲರ್ ಬೇರೆಯೇ ಜಾತಿ. 540 ಡಿಗ್ರಿ ಆಸುಪಾಸಿನ ಹಬೆ, ನಿಮಿಷಕ್ಕೆ 3000 ಸುತ್ತು ತಿರುಗುವ ಟರ್ಬೈನ್, ಸಾಲುಸಾಲು ಕೊಳವೆ, ಬೇರಿಂಗ್, ಪಂಪ್, ಫ್ಯಾನ್. ನೂರಾರು ಜಾಗದ ಬಿಸಿ ಮತ್ತು ಒತ್ತಡವನ್ನು ಹಗಲೂ ರಾತ್ರಿ ನೋಡುತ್ತಿರಬೇಕು. ಮನುಷ್ಯನ ಕಣ್ಣು ಸಾಲದು.

ಕಂಪ್ಯೂಟರನ್ನು ವಿದ್ಯುತ್ ಕೇಂದ್ರದ ಕಾವಲಿಗೆ ಕೂರಿಸಿದ್ದು ಹೊರಗೆ ಬಹಳ ಮೊದಲೇ. 1958ರಲ್ಲಿ ಅಮೆರಿಕದ ಲೂಸಿಯಾನಾದ ಸ್ಟರ್ಲಿಂಗ್ಟನ್ ಕೇಂದ್ರದಲ್ಲಿ ಡೇಸ್ಟ್ರಾಮ್ ಕಂಪನಿಯ ಯಂತ್ರ ಈ ಕೆಲಸಕ್ಕೆ ಬಂದಿತ್ತು. 1965ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಪಿಡಿಪಿ-8 ಬಂದ ಮೇಲೆ 'ಮಿನಿ' ಕಂಪ್ಯೂಟರ್ ಕಾರ್ಖಾನೆಗಳಿಗೆ ಇಳಿಯಿತು. ನಮ್ಮ ಮಗ್ಗುಲಿನ ಹೈದರಾಬಾದಿನಲ್ಲಿ 1967ರಲ್ಲಿ ಶುರುವಾದ ಇಸಿಐಎಲ್ ಟಿಡಿಸಿ-12, ಆಮೇಲೆ ಟಿಡಿಸಿ-316 ಅಂತ ಸ್ವದೇಶಿ ಮಿನಿಗಳನ್ನು ಮಾಡಿತು. ಬೆಂಗಳೂರಿನ ಮೈಸೂರು ರಸ್ತೆಯ ಬಿಎಚ್‌ಇಎಲ್ ಎಲೆಕ್ಟ್ರಾನಿಕ್ಸ್ ವಿಭಾಗ ವಿದ್ಯುತ್ ಕೇಂದ್ರಗಳ ನಿಯಂತ್ರಣ ಸಲಕರಣೆ ಮಾಡತೊಡಗಿತು. 80ರ ದಶಕದ 210 ಮೆಗಾವಾಟ್ ಘಟಕಗಳ ಕಾಲಕ್ಕೆ ಈ ವ್ಯವಸ್ಥೆಗೆ 'ಡಾಸ್' ಎಂಬ ಹೆಸರು ಬಿದ್ದಿತ್ತು. ಡೇಟಾ ಅಕ್ವಿಸಿಶನ್ ಸಿಸ್ಟಮ್, ಅಂದರೆ ಮಾಹಿತಿ ಕೂಡಿಸುವ ಏರ್ಪಾಡು.

ಈ ಕಥೆಯಲ್ಲಿ ಕಂಪ್ಯೂಟರಿನ 'ಮೆದುಳಿ'ಗಿಂತ ಅದರ ಅಂಚಿನಲ್ಲಿ ಕೂತ ಕಾರ್ಡುಗಳೇ ದೊಡ್ಡವು ಅನ್ನುವುದು ನಮ್ಮ ವಾದ. ಲೆಕ್ಕ ಮಾಡುವ ಯಂತ್ರ ಬ್ಯಾಂಕಿನಲ್ಲೂ ಇತ್ತು. ಬಾಯ್ಲರಿನ ಬೆಂಕಿಯನ್ನು ಅಂಕಿ ಮಾಡುವ ಕಾರ್ಡು ಬ್ಯಾಂಕಿಗೆ ಬೇಕಿರಲಿಲ್ಲ.

ಇನ್‌ಪುಟ್ ಕಾರ್ಡನ್ನೇ ನೋಡಿ. ಎರಡು ಬೇರೆ ಲೋಹದ ತಂತಿ ಬೆಸೆದ ಥರ್ಮೋಕಪಲ್, ಹಬೆಯ ಕೊಳವೆಯ 540 ಡಿಗ್ರಿಗೆ ಕೊಡುವುದು ಸುಮಾರು 22 ಮಿಲಿವೋಲ್ಟ್. ಟಾರ್ಚ್ ಸೆಲ್ಲಿನ 70ರಲ್ಲಿ ಒಂದು ಪಾಲು. ಸುತ್ತ ಭಾರೀ ಮೋಟರುಗಳ ಗದ್ದಲ, ಅದರ ನಡುವೆ ಈ ಪಿಸುಮಾತನ್ನು ಕೇಳಿಸಿಕೊಳ್ಳಬೇಕು. ಅದನ್ನು ಅಂಕಿಗೆ ತಿರುಗಿಸುವ ಸರ್ಕಿಟ್ಟು ಆಗ ಬಲು ದುಬಾರಿ, ನೂರಾರು ತಂತಿಗೆ ಒಂದೇ. ಹಾಗಾಗಿ ರಿಲೇಗಳು ಒಂದೊಂದೇ ತಂತಿಯನ್ನು ಸರದಿಯಲ್ಲಿ ಜೋಡಿಸುತ್ತಿದ್ದವು. ನಮ್ಮೂರ ನಲ್ಲಿಯ ಮುಂದೆ ಕೊಡಗಳ ಸಾಲು ಇದ್ದಂತೆ. ಕೊಡವೂ ನಿಜವಾಗಿ ಇತ್ತು: ರಿಲೇ ಮೊದಲು ಒಂದು ಕೆಪಾಸಿಟರಿಗೆ ಆ ವೋಲ್ಟೇಜ್ ತುಂಬಿ, ಹೊರಗಿನ ತಂತಿಯಿಂದ ಬಿಡಿಸಿ, ಆಮೇಲೆ ಅಳೆಯಲು ಒಳಗೆ ಕೊಡುತ್ತಿತ್ತು. ಹೊರಗಿನ ಹೊಡೆತ ಕಂಪ್ಯೂಟರಿಗೆ ತಾಗದಿರಲಿ ಅಂತ.

ಇನ್ನೊಂದು ತಾಪತ್ರಯ ರಾಯಚೂರಿನವರಿಗೆ ಹೇಳಿ ಮಾಡಿಸಿದ್ದು. ಥರ್ಮೋಕಪಲ್ ಅಳೆಯುವುದು ತನ್ನ ಎರಡು ತುದಿಗಳ ನಡುವಿನ ಬಿಸಿಯ ವ್ಯತ್ಯಾಸವನ್ನು ಮಾತ್ರ. ತಂತಿ ಬಂದು ಸೇರುವ ಪೆಟ್ಟಿಗೆ 45 ಡಿಗ್ರಿ ಇದ್ದು, ಯಂತ್ರ ಅದನ್ನು 25 ಅಂದುಕೊಂಡರೆ ಹಬೆಯ ಲೆಕ್ಕದಲ್ಲಿ 20 ಡಿಗ್ರಿ ಕಡಿಮೆ ಬೀಳುತ್ತದೆ. ಮೇ ತಿಂಗಳ ಬಿಸಿಲನ್ನೂ ಅಳೆದು ಕೂಡಿಸಿಕೊಳ್ಳಬೇಕು. ಇಂಥ ಕೋಣೆಗಳ ಎ.ಸಿ. ಮೊದಲು ಕಾರ್ಡುಗಳಿಗೆ, ಆಮೇಲೆ ಮನುಷ್ಯರಿಗೆ.

ಒತ್ತಡ, ಹರಿವು ಮುಂತಾದವು ಬರುತ್ತಿದ್ದುದು 4ರಿಂದ 20 ಮಿಲಿ ಆಂಪಿಯರ್ ಕರೆಂಟಿನಲ್ಲಿ. ಸೊನ್ನೆಯಿಂದ ಏಕಲ್ಲ? ಸೊನ್ನೆ ಬಂದರೆ ಒತ್ತಡ ಇಲ್ಲವೋ, ತಂತಿ ತುಂಡಾಗಿದೆಯೋ ತಿಳಿಯದು. 4 ಬಂದರೆ ಒತ್ತಡ ಸೊನ್ನೆ, ಏನೂ ಬರದಿದ್ದರೆ ತಂತಿ ಹೋಗಿದೆ.

ಔಟ್‌ಪುಟ್ ಕಡೆ ಆ ಕಾಲದ ಡಾಸ್‌ಗೆ ಅಧಿಕಾರ ಕಡಿಮೆ. ವಾಲ್ವ್ ತಿರುಗಿಸುವುದು, ಬರ್ನರ್ ನಂದಿಸುವುದು ಪ್ರತ್ಯೇಕ ಪ್ಯಾನೆಲ್‌ಗಳ, ಆಪರೇಟರ್‌ಗಳ ಕೆಲಸ. ಕಂಪ್ಯೂಟರ್ ಊರ ಕುಲಕರ್ಣಿಯಂತೆ, ಬರೆದಿಡುವುದಷ್ಟೇ. (ನಮ್ಮ ಕಡೆ ಬರೆಯುವವನೇ ಆಳಿದ್ದು ಅನ್ನುವುದು ಬೇರೆ ಮಾತು.) ಅಲಾರಂ ಕೊಡುವುದು, ಗಂಟೆಗೊಮ್ಮೆ ಲಾಗ್ ಮುದ್ರಿಸುವುದು. ಆದರೆ ಘಟಕ ಟ್ರಿಪ್ ಆದ ಕ್ಷಣ ಆ ಬರಹವೇ ಪಂಚಾಯಿತಿ. ಒಂದು ಘಟಕ ನಿಂತರೆ ಗ್ರಿಡ್‌ನಿಂದ 210 ಮೆಗಾವಾಟ್ ಒಮ್ಮೆಲೇ ಮಾಯ. ತಪ್ಪು ಬಾಯ್ಲರಿನದೋ, ಟರ್ಬೈನಿನದೋ, ಜನರೇಟರಿನದೋ? ಒಂದರ ಹಿಂದೆ ಒಂದು ಹತ್ತಾರು ಸ್ವಿಚ್‌ಗಳು ಬೀಳುತ್ತವೆ. ಯಾವುದು ಮೊದಲು ಬಿತ್ತು ಅಂತ ಒಂದು ಮಿಲಿಸೆಕೆಂಡ್ ಅಂತರದಲ್ಲಿ ಗುರುತಿಸುವ ಕಾರ್ಡು ಇರುತ್ತದೆ. ನಮ್ಮ ಮನೆಯ ಕರೆಂಟು ಒಂದು ಆವರ್ತ ಮುಗಿಸಲು 20 ಮಿಲಿಸೆಕೆಂಡ್ ಬೇಕು, ಅಂದಮೇಲೆ ಲೆಕ್ಕ ಹಾಕಿ. ಪಾಳಿಯಲ್ಲಿದ್ದವನ ಮೇಲೆ ಗೂಬೆ ಕೂರುವುದೋ ಬಿಡುವುದೋ ಆ ಕಾಗದದ ಮೇಲಿನ ಮೊದಲ ಸಾಲಿನಲ್ಲಿರುತ್ತದೆ.

ಇನ್ನು ಸಂಗ್ರಹ. ಮೊದಲ ತಲೆಮಾರಿನ ಮಿನಿಗಳಲ್ಲಿ ನೆನಪು ಅಂದರೆ ತಂತಿಗೆ ಪೋಣಿಸಿದ ಫೆರೈಟ್ ಉಂಗುರ. ಒಂದು ಬಿಟ್‌ಗೆ ಒಂದು ಉಂಗುರ. ಪಿಡಿಪಿ-8ರ 4096 ಪದ, ಪದಕ್ಕೆ 12 ಬಿಟ್: ಒಟ್ಟು 49,152 ಉಂಗುರ. ಓದಿದರೆ ಅಳಿಸಿಹೋಗುತ್ತದೆ, ಹಾಗಾಗಿ ಓದಿದ ಕೂಡಲೇ ಮತ್ತೆ ಬರೆಯಬೇಕು. ಆದರೆ ಕರೆಂಟು ಹೋದರೂ ನೆನಪು ಹೋಗದು. ಕರೆಂಟು ಹೋದ ಕಾರಣವನ್ನೇ ನೆನಪಿಡಬೇಕಾದ ಯಂತ್ರಕ್ಕೆ ಇದಕ್ಕಿಂತ ತಕ್ಕದ್ದು ಯಾವುದು? 1970ರಲ್ಲಿ ಇಂಟೆಲ್‌ನ 1103 ಚಿಪ್ ಬಂತು. ಅಗ್ಗದ ಚಿಪ್‌ಗಳ ಮುಂದೆ ಉಂಗುರಗಳು ಸೋತವು. ಚಿಪ್‌ನ ನೆನಪು ಉಳಿಯಲು ಬ್ಯಾಟರಿ ಕೂರಿಸಬೇಕಾಯಿತು.

ಶಕ್ತಿನಗರ ಈಗ ಎಂಟು ಘಟಕಗಳ, 1720 ಮೆಗಾವಾಟ್‌ನ ಊರು. ಮೊದಲ ಘಟಕಕ್ಕೆ 2025ರಲ್ಲಿ ನಲವತ್ತು ತುಂಬಿತು. ಅದರ ಮೊದಲ ಪಾಳಿಗಳಲ್ಲಿ ಕೆಲಸಕ್ಕಿದ್ದ ಪೀಳಿಗೆ ನಿವೃತ್ತಿಯ ವಯಸ್ಸು ದಾಟಿದೆ. ಯಾವ ಕಾರ್ಖಾನೆಯಲ್ಲೇ ಆಗಲಿ ಹಳೇ ಕಾರ್ಡು ತೂಕಕ್ಕೆ ಹೋಗುತ್ತದೆ, ಚಿನ್ನದ ಲೇಪದ ಅಂಚಿಗೆ ನಾಲ್ಕು ಕಾಸು ಹೆಚ್ಚು. ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದರೆ ಕಾರ್ಡು ಮಾತಾಡುತ್ತದೆ ಎಂಬ ವಿದ್ಯೆ ಯಾವ ಕೈಪಿಡಿಗಿಂತಲೂ ಹೆಚ್ಚಾಗಿ ಕೈಯಿಂದ ಕೈಗೇ ದಾಟಿದ್ದು. ಮಿನಿ ಹೋಗಿ ಮೈಕ್ರೋ ಬಂತು, ಅದೂ ಹೋಗಿ ಪರದೆಗಳ ಸಾಲು ಬಂತು. ಇಂದಿನ ಕಾರ್ಖಾನೆಗಳ ಪರದೆಗಳ ಹಿಂದೆ ಹೋಗಿ ನೋಡಿದರೆ, ಹೊಲದಷ್ಟು ಉದ್ದದ ಕೇಬಲ್‌ಗಳಲ್ಲಿ ಈಗಲೂ ಹರಿಯುತ್ತಿರುವುದು ಅದೇ 4ರಿಂದ 20 ಮಿಲಿ ಆಂಪಿಯರ್.