ಕಬ್ಬಿನ ತುಂಡು, ಅಡಿಕೆಯ ಬೀಜ

ಮೊನ್ನೆ ಊರಿಗೆ ಹೋಗಿದ್ದೆ. ಶಿವಮೊಗ್ಗ ದಾಟಿ ಭದ್ರಾವತಿ ಕಡೆ ಬರುವಾಗ ಬಸ್ಸಿನ ಕಿಟಕಿಯಾಚೆ ಎಷ್ಟೊಂದು ಎಳೆ ಅಡಿಕೆ ತೋಟಗಳು! ಇದೇ ಊರಲ್ಲಿ ಕಬ್ಬಿನ ಟ್ರಾಕ್ಟರ್ ಹಿಂದೆ ಓಡಿ ಜಲ್ಲೆ ಎಳೆದು ತಿಂದವರು ನಾವು. 1936ರಲ್ಲಿ ಶುರುವಾದ ಎಂಪಿಎಂ ಕಾಗದದ ಜೊತೆ ಮುಂದೆ ಸಕ್ಕರೆಯನ್ನೂ ಮಾಡುತ್ತಿತ್ತು. ಈಗ ಅದು ನಿಂತಿದೆ.

ನಮ್ಮ ಅರ್ಧ ಎಕರೆ ಕಬ್ಬು ತೆಗೆದು ಅಡಿಕೆ ಹಾಕೋಣ ಅಂತ ಅಪ್ಪನೂ ಹೊರಟಿದ್ದಾರೆ. "ಒಳ್ಳೇ ಮರದ ಕಸಿ ಗಿಡ ತಂದು ನೆಟ್ಟರಾಯ್ತಲ್ಲ" ಅಂದೆ. ಅಪ್ಪ ನಕ್ಕುಬಿಟ್ಟರು. "ಅಡಿಕೆಗೆ ಕೊಂಬೆ ಎಲ್ಲಿದೆಯೋ ಕಸಿ ಕಟ್ಟೋಕೆ?"

ಆವತ್ತು ಹೊಳೆಯಿತು, ನಮ್ಮೂರು ತದ್ರೂಪಿನ ಬೆಳೆ ಬಿಟ್ಟು ಬೀಜದ ಬೆಳೆಗೆ ಬದಲಾಗುತ್ತಿದೆ.

ಕಬ್ಬು ಅಂದರೆ ಶುದ್ಧ ಕಾಪಿ-ಪೇಸ್ಟ್. ನಾವು 'ಬಿತ್ತನೆ' ಅಂದರೂ ನೆಲಕ್ಕೆ ಹೋಗುವುದು ಕಾಂಡದ ತುಂಡು, ಗದ್ದೆ ತುಂಬ ತಾಯಿಯೇ. ಕಬ್ಬಿನ ಸೂಲಂಗಿಯಲ್ಲಿ ಮೊಳೆಯುವ ಬೀಜವಿದೆ ಅಂತ ವಿಜ್ಞಾನಿಗಳಿಗೆ ಖಾತ್ರಿಯಾಗಿದ್ದೇ 1888ರ ಹೊತ್ತಿಗೆ, ಜಾವಾ ಮತ್ತು ಬಾರ್ಬಡೋಸ್‌ನಲ್ಲಿ. 1912ರಲ್ಲಿ ಕೊಯಮತ್ತೂರಿನಲ್ಲಿ ಕಬ್ಬಿನ ತಳಿ ಸಂಸ್ಥೆ ಶುರುವಾಯಿತು. ಬಾರ್ಬರ್ ಮತ್ತು ಟಿ.ಎಸ್. ವೆಂಕಟರಾಮನ್ ನಾಟಿ ಕಬ್ಬಿಗೆ ಕಾಡುಕಬ್ಬು ಬೆರೆಸಿ ಬೀಜದಿಂದ ಎಬ್ಬಿಸಿದ 'ಕೋ 205' 1918ರಲ್ಲಿ ರೈತರಿಗೆ ಸಿಕ್ಕಿತು. ಹೊಸತನ್ನು ಹುಟ್ಟಿಸಿದ್ದು ಬೀಜ, ಊರೂರಿಗೆ ಹಂಚಿದ್ದು ತುಂಡು.

ಆದರೆ ಕಾಪಿಯಲ್ಲಿ ಬಗ್ ಕೂಡ ಕಾಪಿಯಾಗುತ್ತದೆ! 1930ರ ದಶಕದ ಕೊನೆಯಲ್ಲಿ ಬಿಹಾರದ ಸುತ್ತ 'ಕೋ 213' ತಳಿ ಕೆಂಪು ಕೊಳೆ ರೋಗಕ್ಕೆ ಸಿಕ್ಕಿ ನೆಲಕಚ್ಚಿತು. ಎಲ್ಲ ಗದ್ದೆಯಲ್ಲೂ ಒಂದೇ ಗಿಡ ಇದ್ದಾಗ ಒಂದಕ್ಕೆ ಬಂದದ್ದು ಎಲ್ಲಕ್ಕೂ ಬರುತ್ತದೆ.

ಅಡಿಕೆಯ ಕಷ್ಟವೇ ಬೇರೆ. ಅದಕ್ಕಿರುವುದು ಒಂದೇ ಸುಳಿ. ಸಿಪಿಸಿಆರ್‌ಐ ವಿಜ್ಞಾನಿಗಳು ಎಳೆ ಹೊಂಬಾಳೆಯ ಅಂಗಾಂಶದಿಂದ ಸಸಿ ಮಾಡಿದ್ದಾರೆ. ಆದರೂ ತೋಟಗಳು ಎದ್ದಿರುವುದು ಬೀಜದಿಂದಲೇ. ಪರಕೀಯ ಪರಾಗಸ್ಪರ್ಶದ ಮರವಾದ್ದರಿಂದ ತಾಯಿ ಯಾರೆಂದು ಗೊತ್ತು, ತಂದೆ ಯಾರೆಂದು ಗೊತ್ತಿಲ್ಲ. 1972ರಲ್ಲಿ ಬಂದ 'ಮಂಗಳ' ತಳಿಯ ಬೀಜ ಹಾಕಿದರೂ ಪಕ್ಕದ ತೋಟದ ಪರಾಗ ಬೆರೆತಿದ್ದರೆ ಮಗು ಮಂಗಳವೇ ಆಗಬೇಕೆಂದಿಲ್ಲ. ಅದು ಗೊತ್ತಾಗೋದು ಐದಾರು ವರ್ಷ ನೀರು ಹಾಯಿಸಿದ ಮೇಲೆ. ಅಷ್ಟು ಹೊತ್ತಿಗೆ ಅಪ್ಪನಿಗೆ ಎಪ್ಪತ್ತು.

ಹಾಗಾಗಿ ಅಪ್ಪ ದೊಡ್ಡಪ್ಪನ ಹಳೇ ತೋಟಕ್ಕೆ ಹೋದರು. ಪ್ರತಿ ವರ್ಷ ಸಮನಾಗಿ ಫಲ ಕೊಡುವ ಮರಗಳ ಪೂರ್ತಿ ಹಣ್ಣಾದ ಅಡಿಕೆ ಆರಿಸಿ ಬಕೆಟ್ ನೀರಿಗೆ ಹಾಕಿದರು. ತೊಟ್ಟು ಮೇಲಾಗಿ ನೆಟ್ಟಗೆ ತೇಲಿದ್ದಷ್ಟೇ ಬೀಜಕ್ಕೆ. "ಎಲ್ಲಾ ಆ ಒಂದು ದೊಡ್ಡ ಮರದ್ದೇ ತಗೋಬಹುದಿತ್ತಲ್ಲಪ್ಪ" ಅಂದೆ.

"ಆ ಮರಕ್ಕಿರೋ ರೋಗ ನಮಗೇನು ಗೊತ್ತೋ? ಎಂಟು ಮರದ್ದು ಇರಲಿ."

ಕೋ 213ರ ಕಥೆ ಅಪ್ಪನಿಗೆ ನಾನಿನ್ನೂ ಹೇಳಿರಲಿಲ್ಲ.