ಗೆಳೆಯರ ಗುಂಪು
ಧಾರವಾಡದಲ್ಲಿ 1922ರಲ್ಲಿ ದ.ರಾ. ಬೇಂದ್ರೆ ಕಟ್ಟಿದ ಸಾಹಿತ್ಯ ಬಳಗ. ಆನಂದಕಂದ, ಶಂ.ಬಾ. ಜೋಶಿ, ವಿ.ಕೃ. ಗೋಕಾಕ, ರಂ.ಶ್ರೀ. ಮುಗಳಿ, ಜಿ.ಬಿ. ಜೋಶಿ ಇದರ ಪ್ರಮುಖರು. ಬರೆದ ಕವಿತೆಯನ್ನು ಅಚ್ಚಿಗೆ ಮುಂಚೆ ಗೆಳೆಯರೆದುರು ಓದುವುದು, ಚರ್ಚಿಸುವುದು ಇಲ್ಲಿಯ ಜೀವಾಳ. ಬೇಂದ್ರೆಯವರಂತೂ ಓದುತ್ತಿರಲಿಲ್ಲ, ಕೈಬೀಸಿ, ಲಯ ಹಿಡಿದು, ಹಾಡಿಯೇ ಬಿಡುತ್ತಿದ್ದರು. ಧಾರವಾಡದ ಆಡುಮಾತು, ಜಾನಪದ ಧಾಟಿ ಹೊಸಗನ್ನಡ ಕಾವ್ಯಕ್ಕೆ ಹರಿದದ್ದು ಈ ಕೂಟಗಳಿಂದಲೂ ಹೌದು. ಕಿವಿಗೆ ಸಲ್ಲದ ಕವಿತೆ ಅಲ್ಲಿ ನಿಲ್ಲುವುದು ಕಷ್ಟವೇ ಇತ್ತು. 1926ರಲ್ಲಿ ಬೇಂದ್ರೆ ನವರಾತ್ರಿಯ ದಿನಗಳಲ್ಲಿ ನಾಡಹಬ್ಬ ಆರಂಭಿಸಿದರು. ಆಗ ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಆ ಕಾಲಕ್ಕೆ ಇಡೀ ನಾಡಿನ ಹೆಸರಲ್ಲಿ ಹಬ್ಬ ಮಾಡುವುದು ದೊಡ್ಡ ಧೈರ್ಯ. ‘ಜಯಕರ್ನಾಟಕ’ ಪತ್ರಿಕೆಯೊಂದಿಗೂ ಬಳಗಕ್ಕೆ ನಂಟಿತ್ತು. 1933ರಲ್ಲಿ ಜಿ.ಬಿ. ಜೋಶಿ ಸ್ಥಾಪಿಸಿದ ಮನೋಹರ ಗ್ರಂಥಮಾಲೆ ಧಾರವಾಡದಲ್ಲಿ ಇಂದಿಗೂ ಪುಸ್ತಕ ಪ್ರಕಟಿಸುತ್ತಿದೆ.